ಗೊತ್ತಿದ್ದೂ ಮಾಡಲಾಗದ ಮಗು: ಎಡಿಎಚ್‌ಡಿ ಇರುವ ನಾಲ್ಕನೇ ತರಗತಿಯ ಹುಡುಗನಿಗೆ ಶಾಲೆಯಲ್ಲಿ ಬೇಕಾದ ನೆರವು

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಹಳ್ಳಿ. ಯಜಮಾನರು ಎಸ್ಟೇಟಿನಲ್ಲಿ ರೈಟರ್. ಮಗನಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮೂರನೇ ತರಗತಿವರೆಗೆ ಅಷ್ಟಾಗಿ ತೊಂದರೆ ಇರಲಿಲ್ಲ. ಈ ವರ್ಷ ದಿನಾ ದೂರು. ಕೂತಲ್ಲಿ ಕೂರಲ್ಲ, ಬೋರ್ಡಿನ ಮೇಲಿದ್ದದ್ದನ್ನು ಅರ್ಧ ಬರೆದು ಬಿಡ್ತಾನೆ, ದಿನಕ್ಕೊಂದು ಪೆನ್ಸಿಲ್ ಕಳೀತಾನೆ, ಪಕ್ಕದವರ ಮೈಮೇಲೆ ಕೈ ಹಾಕ್ತಾನೆ. ಹಾಸನದಲ್ಲಿ ಡಾಕ್ಟರು ಎಡಿಎಚ್‌ಡಿ ಅಂದರು, ಗಮನ ನಿಲ್ಲದ, ಚಡಪಡಿಸೋ ತೊಂದರೆಯಂತೆ, ಮಾತ್ರೆ ಬಗ್ಗೆ ಯೋಚನೆ ಮಾಡಿ ಬನ್ನಿ ಅಂದರು. ಮೇಷ್ಟ್ರು ಮನೆಯಲ್ಲಿ ಮುದ್ದು ಜಾಸ್ತಿ ಅಂತಾರೆ. ಟ್ಯೂಷನ್‌ಗೆ ಹಾಕಲಾ, ಹಾಸ್ಟೆಲ್‌ಗೆ ಸೇರಿಸಲಾ, ಮಾತ್ರೆ ಕೊಡಲಾ? ದೊಡ್ಡವನಾದ ಹಾಗೆ ಸರಿಹೋಗ್ತಾನಾ?

ಉತ್ತರ: ನೀವು ಕೇಳಿದ ನಾಲ್ಕೂ ಪ್ರಶ್ನೆಗೆ ಉತ್ತರ ಇದೆ. ಆದರೆ ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ಬರೆದ ಒಂದು ಮಾತು ಎಲ್ಲಕ್ಕಿಂತ ಮುಖ್ಯವಾದದ್ದು: 'ಮೂರನೇ ತರಗತಿವರೆಗೆ ಅಷ್ಟಾಗಿ ತೊಂದರೆ ಇರಲಿಲ್ಲ.' ಅಲ್ಲಿಂದಲೇ ಶುರು ಮಾಡೋಣ.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಇರುವುದು ನಲಿ-ಕಲಿ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಕಾರ್ಡ್ ತೆಗೆದುಕೊಳ್ಳಲು ಏಳುತ್ತಾರೆ, ಒಂದು ಕಾರ್ಡಿನ ಕೆಲಸ ಮುಗಿದರೆ ಮುಂದಿನದಕ್ಕೆ ಹೋಗುತ್ತಾರೆ. ಕೆಲಸ ಚಿಕ್ಕದು, ಮುಗಿದದ್ದು ಕೂಡಲೇ ಕಾಣುತ್ತದೆ, ಎದ್ದು ಓಡಾಡಿದರೆ ತಪ್ಪಲ್ಲ. ಎಡಿಎಚ್‌ಡಿ ಇರುವ ಮಗುವಿಗೆ ಬೇಕಾದದ್ದು ಬಹುತೇಕ ಅದೇ. ನಾಲ್ಕನೇ ತರಗತಿಗೆ ಬಂದ ಕೂಡಲೇ ಪಠ್ಯಪುಸ್ತಕ, ಬೋರ್ಡು, ನಲವತ್ತು ನಿಮಿಷದ ಪೀರಿಯಡ್, ಬೆಂಚಿನ ಸಾಲು. ನಿಮ್ಮ ಮಗ ಒಂದೇ ಬೇಸಿಗೆ ರಜೆಯಲ್ಲಿ ಕೆಟ್ಟುಹೋಗಲಿಲ್ಲ. ಅವನಿಗೆ ಆಸರೆಯಾಗಿದ್ದ ಏರ್ಪಾಡು ಹೋಯಿತು. ಮುದ್ದು ಜಾಸ್ತಿಯಾಗಿದ್ದೇ ಕಾರಣವಾಗಿದ್ದರೆ ಮೂರನೇ ತರಗತಿಯಲ್ಲೂ ಇದೇ ದೂರು ಬರಬೇಕಿತ್ತು. ಮೇಷ್ಟ್ರ ಹತ್ತಿರ ಈ ಮಾತನ್ನು ವಾದವಾಗಿ ಅಲ್ಲ, ಸಲಹೆಯಾಗಿ ಹೇಳಿ: ನಲಿ-ಕಲಿಯಲ್ಲಿ ಏನು ನಡೆಯುತ್ತಿತ್ತೋ ಅದರಲ್ಲಿ ಸ್ವಲ್ಪವನ್ನು ಅವನ ಬೆಂಚಿಗೆ ವಾಪಸ್ ತರೋಣ ಎಂದು.

ಎಡಿಎಚ್‌ಡಿ ಅಂದರೆ ಬುದ್ಧಿ ಕಡಿಮೆ ಅಂತಲ್ಲ, ಗಮನವೇ ಇಲ್ಲ ಅಂತಲೂ ಅಲ್ಲ. ಗಮನವನ್ನು ಬೇಕಾದ ಕಡೆ, ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಿಸುವ ಶಕ್ತಿ, ಮನಸ್ಸಿಗೆ ಬಂದದ್ದನ್ನು ಒಂದು ಗಳಿಗೆ ತಡೆಯುವ ಶಕ್ತಿ, ಇವೆರಡು ವಯಸ್ಸಿಗೆ ತಕ್ಕಷ್ಟು ಬಲಿತಿರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ ಇದು ಕಣ್ಣಿಗೇ ಕಂಡಿತು. ಮೆದುಳಿನ ಹೊರಪದರದ ಅರ್ಧದಷ್ಟು ಭಾಗ ಗರಿಷ್ಠ ದಪ್ಪ ತಲುಪುವ ವಯಸ್ಸು ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆ. ಬೆಳವಣಿಗೆಯ ದಾರಿ ಅದೇ, ತಡ ಮಾತ್ರ. ಹಾಗಾಗಿ ನಿಮ್ಮ ಮಗನಿಗೆ ಪಾಠ ಒಂಬತ್ತು ವರ್ಷದ್ದೇ ಇರಲಿ. ಕೂರಿಸುವುದು, ನೆನಪಿಸುವುದು, ಕಾಯಿಸುವುದು ಇವುಗಳಲ್ಲಿ ಮಾತ್ರ ಆರು ವರ್ಷದ ಮಗುವಿಗೆ ಎಷ್ಟು ಆಸರೆ ಕೊಡುತ್ತೇವೋ ಅಷ್ಟು ಕೊಡಿ.

ಇದರಿಂದ ಹುಟ್ಟುವ ತಿಳಿವಳಿಕೆ ಒಂದೇ. ಪೆನ್ಸಿಲ್ ಜೋಪಾನ ಮಾಡಬೇಕು, ಕೈ ಎತ್ತಿ ಮಾತಾಡಬೇಕು ಎಂಬುದು ಅವನಿಗೆ ಗೊತ್ತು. ಕೇಳಿ ನೋಡಿ, ಗಿಳಿಯ ಹಾಗೆ ಹೇಳುತ್ತಾನೆ. ಗೊತ್ತಿರುವುದು ಆ ಗಳಿಗೆಗೆ ಒದಗುವುದಿಲ್ಲ. ಆದ್ದರಿಂದ ರಾತ್ರಿ ಊಟದ ಹೊತ್ತಿನಲ್ಲಿ ಎಷ್ಟು ಬುದ್ಧಿ ಹೇಳಿದರೂ ಮಾರನೆಯ ದಿನ ಹನ್ನೊಂದು ಗಂಟೆಯ ಗಣಿತದ ಪೀರಿಯಡ್‌ಗೆ ಅದು ತಲುಪುವುದಿಲ್ಲ. ಸಹಾಯ ಇರಬೇಕಾದದ್ದು ತಪ್ಪು ಆಗುವ ಜಾಗದಲ್ಲಿ, ತಪ್ಪು ಆಗುವ ಹೊತ್ತಿನಲ್ಲಿ, ಅವನ ತಲೆಯೊಳಗಲ್ಲದೆ ಕಣ್ಣೆದುರಿಗೆ. ಮುಂದೆ ಹೇಳುವುದೆಲ್ಲ ಇದರ ವಿವರವೇ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. 503ರಲ್ಲಿ 178 ಕಳೆಯಬೇಕು. ಬಿಡಿ ಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲ. ಹತ್ತರ ಮನೆಗೆ ಹೋದರೆ ಅಲ್ಲಿ ಸೊನ್ನೆ. ನೂರರ ಮನೆಯಿಂದ ಒಂದು ತರಬೇಕು, 5 ಹೋಗಿ 4 ಆಗುತ್ತದೆ, ಹತ್ತರ ಮನೆಯಲ್ಲಿ 10 ಆಗುತ್ತದೆ. ಅದರಲ್ಲಿ ಒಂದು ಬಿಡಿಗೆ ಕೊಟ್ಟರೆ ಹತ್ತರ ಮನೆಯಲ್ಲಿ ಉಳಿಯುವುದು 9, ಬಿಡಿಯಲ್ಲಿ 13. ಹುಡುಗ 13ರಲ್ಲಿ 8 ಕಳೆದು 5 ಬರೆದ. ಅಷ್ಟರಲ್ಲಿ ಹೊರಗೆ ಪಿಕಪ್ ಗಾಡಿಯ ಹಾರ್ನ್. ತಲೆ ಎತ್ತಿ ನೋಡಿದ, ಮತ್ತೆ ಬಗ್ಗಿದ. ಹತ್ತರ ಮನೆಯಲ್ಲಿ 10 ಇತ್ತು ಎಂಬುದು ನೆನಪಿದೆ, ಅದು 9 ಆಗಿದ್ದು ನೆನಪಿಲ್ಲ. 10ರಲ್ಲಿ 7 ಹೋದರೆ 3. ಉತ್ತರ 335. ಬರಬೇಕಾದದ್ದು 325. ಮೇಷ್ಟ್ರಿಗೆ ಕಾಣುವುದು ತಪ್ಪು ಉತ್ತರ ಮಾತ್ರ. ಇಲ್ಲಿ ಹುಡುಗನಿಗೆ ಕಳೆಯುವುದು ಬಾರದೆ ಇಲ್ಲ. ನಡುವಿನ ಅಂಕಿಯನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಇದೇ ಲೆಕ್ಕವನ್ನು ಐವತ್ತು ಸಲ ಬರೆಸಿದರೆ ಆ ದೋಷ ಹೋಗುವುದಿಲ್ಲ, ಬೇಸರ ಮಾತ್ರ ಹೆಚ್ಚುತ್ತದೆ. ಹೋಗುವುದು ಹೀಗೆ: ಗಣಿತಕ್ಕೆ ಚೌಕದ ನೋಟ್‌ಬುಕ್ ಕೊಡಿ, ಒಂದು ಚೌಕಕ್ಕೆ ಒಂದೇ ಅಂಕಿ. ಮೇಲಿನ ಸಾಲನ್ನು ಖಾಲಿ ಬಿಡಿಸಿ, ಬದಲಾದ ಪ್ರತಿ ಅಂಕಿಯನ್ನು ಹಳೆಯದನ್ನು ಹೊಡೆದುಹಾಕಿ ಮೇಲೆ ಬರೆಯಲಿ, 10 ಬರೆದು ಅದನ್ನೂ ಹೊಡೆದು 9 ಬರೆಯಲಿ. ಒಂದೊಂದು ಹೆಜ್ಜೆಯನ್ನೂ ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳಲಿ. ಪುಟವನ್ನು ಮಡಚಿ ಎರಡು ಲೆಕ್ಕ ಮಾತ್ರ ಕಾಣುವಂತೆ ಇಡಿ. ಹತ್ತು ಲೆಕ್ಕ ಒಟ್ಟಿಗೆ ಕಂಡರೆ ಅವನು ಮೊದಲನೆಯದನ್ನೂ ಶುರು ಮಾಡುವುದಿಲ್ಲ. ಬಂದಿದೆಯೋ ಇಲ್ಲವೋ ನೋಡಲು ಐದು ಲೆಕ್ಕ ಸಾಕು.

ಇನ್ನು ತರಗತಿ. ಮೊದಲ ಬೆಂಚು ಎಂದರೆ ಸಾಲದು. ಬಾಗಿಲ ಪಕ್ಕದ ಮೊದಲ ಬೆಂಚು ಕೊನೆಯ ಬೆಂಚಿಗಿಂತ ಕೆಟ್ಟದ್ದು. ಮೇಷ್ಟ್ರು ಹೆಚ್ಚು ಹೊತ್ತು ನಿಲ್ಲುವ ಜಾಗಕ್ಕೆ ಕೈಗೆಟುಕುವಷ್ಟು ಹತ್ತಿರ, ಕಿಟಕಿ ಬಾಗಿಲಿನಿಂದ ದೂರ, ಎರಡೂ ಕಡೆ ತಣ್ಣಗಿನ ಸ್ವಭಾವದ ಮಕ್ಕಳು. ಒಬ್ಬನೇ ಕೂರಿಸಬೇಡಿ, ಗೋಡೆಗೆ ಮುಖ ಮಾಡಿಸಬೇಡಿ. ಅದು ಶಿಕ್ಷೆಯ ಜಾಗ ಎಂದು ಇಡೀ ತರಗತಿಗೆ ಗೊತ್ತಾದರೆ ಅವನು ಅಲ್ಲಿರುವಷ್ಟು ಹೊತ್ತೂ ಹಿಂದೆ ತಿರುಗಿಯೇ ಇರುತ್ತಾನೆ.

'ಪುಸ್ತಕ ತೆಗೆದು ನಲವತ್ತೆರಡನೇ ಪುಟದ ಎರಡನೇ ಪ್ರಶ್ನೆಗೆ ಉತ್ತರ ಬರೆದು ತಂದು ತೋರಿಸಿ' ಎಂಬುದರಲ್ಲಿ ಐದು ಕೆಲಸ ಇದೆ. ಅವನಿಗೆ ಸಿಗುವುದು ಮೊದಲಿನದು ಇಲ್ಲವೇ ಕೊನೆಯದು. ಮೇಷ್ಟ್ರು ಹೆಸರು ಹಿಡಿದು ಕರೆದು, ಅವನು ನೋಡಿದ ಮೇಲೆ ಒಂದೇ ಕೆಲಸ ಹೇಳಲಿ, 'ಏನು ಮಾಡ್ಬೇಕು?' ಎಂದು ಅವನಿಂದಲೇ ಹೇಳಿಸಲಿ. ಮೂರು ಸೆಕೆಂಡಿನ ಕೆಲಸ. ಗಮನ ತಪ್ಪಿದಾಗ ಎಲ್ಲರೆದುರು ಹೆಸರು ಕೂಗುವುದರ ಬದಲು ಪಾಠ ನಿಲ್ಲಿಸದೆ ಬೆಂಚಿನ ಮೂಲೆಯನ್ನು ಎರಡು ಸಲ ಬೆರಳಲ್ಲಿ ತಟ್ಟುವುದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿ. ಬೋರ್ಡಿನಿಂದ ನಕಲು ಮಾಡುವ ಭಾರ ಕಡಿಮೆ ಮಾಡಿ. ಮುಖ್ಯವಾದ ನಾಲ್ಕು ಸಾಲಿಗೆ ಗುರುತು ಹಾಕಿಕೊಟ್ಟರೆ ಅಷ್ಟನ್ನು ಬರೆಯಲಿ, ಉಳಿದದ್ದನ್ನು ಪಕ್ಕದ ಹುಡುಗಿಯ ಪುಸ್ತಕದಿಂದ ನೀವು ಫೋನಿನಲ್ಲಿ ಫೋಟೋ ತರಿಸಿಕೊಳ್ಳಿ.

ಓಡಾಟ ಅವನಿಗೆ ಬೇಕೇ ಬೇಕು, ಅದಕ್ಕೆ ಒಪ್ಪಿದ ದಾರಿ ಮಾಡಿಕೊಡಿ. ಬೋರ್ಡ್ ಒರೆಸುವುದು, ಪುಸ್ತಕ ಹಂಚುವುದು, ಪಕ್ಕದ ಕೋಣೆಯಿಂದ ಚಾಕ್‌ಪೀಸ್ ತರುವುದು, ಪ್ರತಿ ಹದಿನೈದು ಇಪ್ಪತ್ತು ನಿಮಿಷಕ್ಕೊಂದು. ಕೆಲವು ಮಕ್ಕಳಿಗೆ ನಿಂತು ಬರೆಯಲು ಬಿಟ್ಟರೆ ಅಕ್ಷರವೂ ಚೆನ್ನಾಗುತ್ತದೆ. ತಪ್ಪಿಗೆ ಶಿಕ್ಷೆಯಾಗಿ ಆಟದ ಪೀರಿಯಡ್ ಕಿತ್ತುಕೊಳ್ಳುವುದು ಮಾತ್ರ ಖಂಡಿತ ಬೇಡ. ಬೆಳಗ್ಗೆ ತಪ್ಪಿದವನನ್ನು ಆಟಕ್ಕೆ ಬಿಡದಿದ್ದರೆ ಮಧ್ಯಾಹ್ನ ಎರಡು ಪಟ್ಟು ತಪ್ಪುತ್ತಾನೆ.

ನಿಮ್ಮ ಕಡೆ ಇನ್ನೊಂದು ತೊಡಕಿದೆ, ಬಯಲುಸೀಮೆಯವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಮೈದಾನಕ್ಕೆ ಇಳಿಯುವ ಹಾಗೇ ಇಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಮೇಷ್ಟ್ರ ದನಿ ಎರಡನೇ ಬೆಂಚಿಗೆ ಕೇಳುವುದೇ ಕಷ್ಟ. ನಡುನಡುವೆ ಮಳೆ ರಜೆ ಬಂದು ದಿನಚರಿಯೂ ಮುರಿಯುತ್ತದೆ. ಈ ಮೂರು ತಿಂಗಳಲ್ಲಿ ಅವನು ಹೆಚ್ಚು ತೊಂದರೆ ಕೊಟ್ಟರೆ ಆಶ್ಚರ್ಯವಿಲ್ಲ. ಶಾಲೆಗೆ ಹೊರಡುವ ಮೊದಲು ಮನೆಯ ಜಗಲಿಯಲ್ಲೇ ಹದಿನೈದು ನಿಮಿಷ ಹಗ್ಗದಾಟ, ಬಸ್ಕಿ, ಮೆಟ್ಟಿಲು ಹತ್ತಿಳಿಯುವುದು, ಉಸಿರು ಏರುವಷ್ಟು. ರಜೆ ಬಂದ ದಿನವೂ ಏಳುವ ಹೊತ್ತು, ಮಲಗುವ ಹೊತ್ತು ಬದಲಾಗದಿರಲಿ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿನ ಲಕ್ಷಣಕ್ಕೂ ಎಡಿಎಚ್‌ಡಿ ಲಕ್ಷಣಕ್ಕೂ ವ್ಯತ್ಯಾಸ ಹೇಳುವುದು ಕಷ್ಟ.

ಈಗ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ, ದಿನದ ಕಾರ್ಡ್. ಎಡಿಎಚ್‌ಡಿ ಮಕ್ಕಳಿಗೆ ಶಾಲೆಯಲ್ಲಿ ಮಾಡಬಹುದಾದ ಏರ್ಪಾಡುಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಗಾದದ್ದು ಇದು. ಖರ್ಚು ಒಂದು ಹಾಳೆ.

ಮೊದಲು ಎಣಿಕೆ. ಅವನು ಒಂದು ಪೀರಿಯಡ್‌ನಲ್ಲಿ ಎಷ್ಟು ಸಲ ಏಳುತ್ತಾನೆ ಎಂದು ಮೇಷ್ಟ್ರು ಐದು ದಿನ, ದಿನಕ್ಕೆ ಒಂದೇ ಪೀರಿಯಡ್, ಎಣಿಸಲಿ. ಎಡ ಜೇಬಿನಲ್ಲಿ ಹುಣಸೆ ಬೀಜ ಹಾಕಿಕೊಂಡು, ಎದ್ದಾಗಲೆಲ್ಲ ಒಂದನ್ನು ಬಲ ಜೇಬಿಗೆ ಹಾಕಿದರೆ ಪಾಠ ನಿಲ್ಲಿಸಬೇಕಾಗಿಲ್ಲ. ಸರಾಸರಿ 8 ಸಲ ಬಂತು ಅಂದುಕೊಳ್ಳಿ. ಮೊದಲ ವಾರದ ಗುರಿ ಸೊನ್ನೆಯೂ ಅಲ್ಲ, 2ನೂ ಅಲ್ಲ, 6. ಇದ್ದದ್ದಕ್ಕಿಂತ ಕಾಲು ಭಾಗ ಕಡಿಮೆ. ಇಲ್ಲೇ ಬಹಳ ಜನ ಎಡವುವುದು. 'ಕೂತಲ್ಲೇ ಕೂತಿರಬೇಕು' ಎಂದು ಗುರಿ ಹಾಕಿ, ಮೊದಲ ದಿನವೇ ಹುಡುಗ ಸೋತು, ಮೂರನೇ ದಿನ ಕಾರ್ಡನ್ನು ಹರಿದು ಎಸೆದು, ಇದೆಲ್ಲ ನಮ್ಮ ಮಗುವಿಗೆ ಆಗಲ್ಲ ಎಂದು ಕೈಬಿಡುತ್ತಾರೆ.

ಗುರಿ ಮೂರೇ ಇರಲಿ, ಮೂರೂ 'ಮಾಡಿದ' ಎಂದು ಹೇಳುವ ಮಾತಿನಲ್ಲಿರಲಿ. ಒಂದು, ಕೇಳದೆ ಎದ್ದದ್ದು 6 ಸಲದೊಳಗೆ. ಎರಡು, ಕೊಟ್ಟ ಕೆಲಸವನ್ನು ಎರಡು ನಿಮಿಷದೊಳಗೆ ಶುರು ಮಾಡಿದ. ಮೂರು, ಕೈಯನ್ನು ತನ್ನ ಹತ್ತಿರ ಇಟ್ಟುಕೊಂಡ. ಇದರಲ್ಲಿ ಒಂದಾದರೂ ಅವನಿಗೆ ಸುಲಭವಾಗಿ ದಕ್ಕುವಂಥದ್ದಾಗಿರಬೇಕು. ದಿನವನ್ನು ನಾಲ್ಕು ಹೊತ್ತಾಗಿ ಹಂಚಿದರೆ ಒಟ್ಟು 12 ಚೌಕ. ಪ್ರತಿ ಹೊತ್ತು ಮುಗಿದ ಕೂಡಲೇ ಮೇಷ್ಟ್ರು ಟಿಕ್ ಹಾಕುತ್ತಾರೆ, ಅಥವಾ ಖಾಲಿ ಬಿಡುತ್ತಾರೆ. ಕೆಂಪು ಗುರುತು ಬೇಡ, ದೂರಿನ ಸಾಲು ಬೇಡ, ಹಾಕಿದ ಟಿಕ್ ಹೊಡೆದುಹಾಕುವುದಂತೂ ಬೇಡವೇ ಬೇಡ. ಸಂಜೆ ಎಲ್ಲ ಸೇರಿಸಿ ಬರೆದರಾಯಿತು ಎನ್ನುವ ಆಸೆ ಮೇಷ್ಟ್ರಿಗೆ ಬರುತ್ತದೆ. ನಾಲ್ಕು ಮತ್ತು ಐದು ಎರಡೂ ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಅದು ಸಹಜವೂ ಹೌದು. ಆದರೆ ಸಂಜೆಯ ಟಿಕ್ ಬೆಳಗಿನ ಹುಡುಗನಿಗೆ ತಲುಪುವುದಿಲ್ಲ. ನಾಲ್ಕು ಹೊತ್ತು ಕಷ್ಟವೆಂದರೆ ಎರಡೇ ಹೊತ್ತು ಮಾಡಿ, ಆದರೆ ಆಗಿಂದಾಗಲೇ ಆಗಲಿ.

12ರಲ್ಲಿ 9 ಬಂದರೆ ಆ ದಿನ ಸಂಜೆಯೇ ಬಹುಮಾನ. ಇದು ದುಡ್ಡಿನ ಮಾತಲ್ಲ. ಅಪ್ಪನ ಜೊತೆ ಇಪ್ಪತ್ತು ನಿಮಿಷ ಚೌಕಾಬಾರ, ಗೇಟಿನವರೆಗೆ ಒಂಟಿಯಾಗಿ ಸೈಕಲ್, ರಾತ್ರಿ ಊಟಕ್ಕೆ ಏನು ಮಾಡಬೇಕೆಂದು ಅವನೇ ಹೇಳುವುದು. ಐದಾರು ಬಹುಮಾನದ ಪಟ್ಟಿಯನ್ನು ಅವನ ಜೊತೆ ಕೂತು ಬರೆಯಿರಿ, ಎರಡು ಮೂರು ವಾರಕ್ಕೊಮ್ಮೆ ಬದಲಿಸಿ. ಒಂದೇ ಬಹುಮಾನ ಹಳಸುತ್ತದೆ, ಆಗ ಕಾರ್ಡು ಕೆಲಸ ಮಾಡುತ್ತಿಲ್ಲ ಎಂದು ತಪ್ಪಾಗಿ ತಿಳಿಯುತ್ತೇವೆ. ವಾರ್ಷಿಕ ಪರೀಕ್ಷೆ ಪಾಸಾದರೆ ಹೊಸ ಸೈಕಲ್ ಕೊಡಿಸುತ್ತೇನೆ ಎಂಬ ಮಾತು ಈ ಮಕ್ಕಳಿಗೆ ಕೆಲಸಕ್ಕೆ ಬಾರದು. ಹತ್ತು ತಿಂಗಳು ದೂರದ ಸೈಕಲ್ಲಿಗಿಂತ ಎದುರಿಗಿರುವ ಕಾಗದದ ಉಂಡೆ ಬಲವಾದದ್ದು. 9 ಬರಲಿಲ್ಲವೆಂದರೆ ಬಹುಮಾನ ಇಲ್ಲ, ಅಷ್ಟೇ. ಬೈಗುಳವೂ ಇಲ್ಲ, ನಿನ್ನೆಯ ಲೆಕ್ಕ ಇವತ್ತಿಗಿಲ್ಲ. ವಾರದಲ್ಲಿ ನಾಲ್ಕು ದಿನ 9 ದಾಟಿದರೆ ಮುಂದಿನ ವಾರ ಗುರಿಯನ್ನು 6ರಿಂದ 5ಕ್ಕೆ ಇಳಿಸಿ. ಚೆನ್ನಾಗಿ ನಡೆಯುತ್ತಿದೆ, ಇನ್ನು ಸಾಕು ಎಂದು ಎರಡನೇ ತಿಂಗಳು ನಿಲ್ಲಿಸಬೇಡಿ. ಕನ್ನಡಕ ಹಾಕಿದ ಮೇಲೆ ಚೆನ್ನಾಗಿ ಕಾಣುತ್ತಿದೆ ಎಂದು ಕನ್ನಡಕ ತೆಗೆದಿಟ್ಟ ಹಾಗಾಗುತ್ತದೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಯಜಮಾನರು ಮನೆಗೆ ಬರುವುದು ಕತ್ತಲಾದ ಮೇಲೆ. ಆ ಎರಡು ಮೂರು ತಿಂಗಳು ಕಾರ್ಡ್ ನೋಡಿ ಬಹುಮಾನ ಕೊಡುವವರು ಯಾರು ಎಂದು ನವೆಂಬರ್‌ನಲ್ಲೇ ಗೊತ್ತು ಮಾಡಿಕೊಳ್ಳಿ. ಅಜ್ಜಿ ಮಾಡಬಹುದು, ಟಿಕ್ ಎಣಿಸಲು ಬಂದರೆ ಸಾಕು.

ಮನೆಪಾಠದ ವಿಷಯ ಚಿಕ್ಕದು. ಶಾಲೆಯಿಂದ ಬಂದು ತಿಂಡಿ ತಿಂದು ಅರ್ಧ ಗಂಟೆ ಆಡಿದ ಮೇಲೆ, ದಿನಾ ಒಂದೇ ಜಾಗ, ಟಿವಿ ಕಾಣದ ಕಡೆ. ಹತ್ತು ನಿಮಿಷ ಕೆಲಸ, ಮೂರು ನಿಮಿಷ ಬಿಡುವು, ಇಂಥ ಮೂರು ಸುತ್ತು. ಮುಳ್ಳು ತಿರುಗುವ ಗಡಿಯಾರ ಎದುರಿಗಿರಲಿ. ಫೋನಿನ ಟೈಮರ್ ಬೇಡ, ಫೋನು ಕೈಗೆ ಬಂದರೆ ಟೈಮರ್ ಮಾತ್ರ ನೋಡಿ ಇಡುವುದಿಲ್ಲ. ಕಷ್ಟದ ವಿಷಯ ಎರಡನೇ ಸುತ್ತಿಗೆ, ಸುಲಭದ್ದು ಮೊದಲಿಗೆ. ಶುರು ಮಾಡುವುದೇ ಅವನಿಗೆ ದೊಡ್ಡ ಬೆಟ್ಟ. ಬ್ಯಾಗನ್ನು ರಾತ್ರಿಯೇ ತುಂಬಿಸಿ, ಬಾಗಿಲ ಹತ್ತಿರ ಐದು ಸಾಲಿನ ಚೀಟಿ ಅಂಟಿಸಿ: ಕನ್ನಡ, ಗಣಿತ, ಪರಿಸರ, ಕಂಪಾಸ್ ಬಾಕ್ಸ್, ಕಾರ್ಡ್. ಪೆನ್ಸಿಲ್ ಕಳೆದದ್ದಕ್ಕೆ ಬೈಯುವುದು ಬಿಟ್ಟು ಮೇಷ್ಟ್ರ ಮೇಜಿನಲ್ಲಿ ಒಂದು ಡಬ್ಬಿಯಲ್ಲಿ ಅವನ ಹೆಸರಿನ ಹತ್ತು ಪೆನ್ಸಿಲ್ ಇಟ್ಟುಬಿಡಿ. ಪೆನ್ಸಿಲ್ ಹುಡುಕುವ ಹತ್ತು ನಿಮಿಷದಲ್ಲಿ ಪಾಠ ಮುಂದೆ ಹೋಗಿರುತ್ತದೆ, ಕಳೆದುಕೊಂಡ ನಿಜವಾದ ವಸ್ತು ಅದು.

ಒಂದು ವಿಷಯವನ್ನು ನೀವು ಬರೆದಿಲ್ಲ, ಆದರೆ ನೋಡಲೇಬೇಕು: ಓದು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಲಿಕಾ ನ್ಯೂನತೆಯೂ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಹತ್ತದಿರುವುದು) ಜೊತೆಗಿರುತ್ತದೆ. ಶಾಂತವಾಗಿರುವ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು, ಎರಡನೇ ತರಗತಿಯ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸಿ. ಸಾಲು ತಪ್ಪಿದ, ಒಂದು ಪದ ಹಾರಿಸಿದ, ಬೆರಳಿಟ್ಟು ತೋರಿಸಿದರೆ ಸರಿಯಾಗಿ ಓದಿದ ಎಂದರೆ ಅದು ಗಮನದ ತೊಂದರೆ. ಬೆರಳಿಟ್ಟರೂ ಒತ್ತಕ್ಷರದಲ್ಲಿ ನಿಲ್ಲುತ್ತಾನೆ, ಹ್ರಸ್ವ ದೀರ್ಘ ಗೊತ್ತಾಗುವುದಿಲ್ಲ, ಒಂದೇ ಪದವನ್ನು ಮೂರು ಸಾಲಿನಲ್ಲಿ ಮೂರು ಥರ ಓದುತ್ತಾನೆ ಎಂದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದು ಆಗುತ್ತದೆ. ಕಣ್ಣು, ಕಿವಿ, ರಕ್ತದಲ್ಲಿ ಕಬ್ಬಿಣದ ಅಂಶ ಇವುಗಳ ಪರೀಕ್ಷೆಯೂ ಆಗಿರಲಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನಾ, ಮಾತಿನ ನಡುವೆ ಹತ್ತು ಸೆಕೆಂಡು ಕಣ್ಣು ನೆಟ್ಟು, ಮುಟ್ಟಿ ಕರೆದರೂ ಓಗೊಡದೆ ಇರುತ್ತಾನಾ ನೋಡಿ. ಮೊದಲನೆಯದು ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಊದಿಕೊಂಡದ್ದು ಇರಬಹುದು, ಎರಡನೆಯದು ಒಂದು ಬಗೆಯ ಅಪಸ್ಮಾರ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ.

ಮಾತ್ರೆ. ಹೆದರಿಕೆ ಬೇಡ, ಆತುರವೂ ಬೇಡ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಪೋಷಕರ ತರಬೇತಿ, ಆಮೇಲೆ ಔಷಧಿ. ಒಂಬತ್ತು ವರ್ಷಕ್ಕೆ ಎರಡನ್ನೂ ಜೊತೆಯಾಗಿ ನೋಡಬಹುದು. ಹೆಚ್ಚಾಗಿ ಬರೆಯುವುದು ಮೀಥೈಲ್‌ಫೆನಿಡೇಟ್. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ, ವಾರ ವಾರಕ್ಕೆ ನೋಡಿಕೊಂಡು ವೈದ್ಯರು ಏರಿಸುತ್ತಾರೆ. ಸಾದಾ ಮಾತ್ರೆ ಮೂರರಿಂದ ನಾಲ್ಕು ಗಂಟೆ ಕೆಲಸ ಮಾಡುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು 8ರಿಂದ 12 ಗಂಟೆ. ಇದರಿಂದ ಒಂದು ಲೆಕ್ಕಾಚಾರ ಬರುತ್ತದೆ: ಬೆಳಗ್ಗೆ ಎಂಟಕ್ಕೆ ಸಾದಾ ಮಾತ್ರೆ ಕೊಟ್ಟರೆ ಹನ್ನೆರಡಕ್ಕೆ ಮುಗಿಯಿತು. 'ಬೆಳಗ್ಗೆ ಪರವಾಗಿಲ್ಲ, ಮಧ್ಯಾಹ್ನ ಮೊದಲಿನ ಹಾಗೇ' ಎಂದು ಮೇಷ್ಟ್ರು ಹೇಳಿದರೆ ಮಾತ್ರೆ ಸೋತಿಲ್ಲ, ಹೊತ್ತು ಮುಗಿದಿದೆ. ದಿನದ ಕಾರ್ಡಿನ ನಾಲ್ಕು ಹೊತ್ತಿನ ಟಿಕ್‌ಗಳನ್ನು ವೈದ್ಯರಿಗೆ ತೋರಿಸಿ, ಅವರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಸಿಗುವುದಿಲ್ಲ.

ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ಹೊಟ್ಟೆನೋವು, ತಲೆನೋವು ಇದರ ಸಾಮಾನ್ಯ ತೊಂದರೆಗಳು. ಬಿಸಿಯೂಟದ ಹೊತ್ತಿಗೇ ಹಸಿವು ಸತ್ತಿರುತ್ತದೆ, ತಟ್ಟೆಯಲ್ಲಿ ಬಿಟ್ಟರೆ ಬಲವಂತ ಮಾಡಬೇಡಿ ಎಂದು ಶಾಲೆಗೆ ಹೇಳಿಡಿ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ, ಸಂಜೆ ಹಸಿವು ಮರಳಿದಾಗ ಮುದ್ದೆ, ಮೊಟ್ಟೆ, ಹಾಲು. ಮೂರು ತಿಂಗಳಿಗೊಮ್ಮೆ ತೂಕ, ಆರು ತಿಂಗಳಿಗೊಮ್ಮೆ ಎತ್ತರ, ಜೊತೆಗೆ ನಾಡಿ ಮತ್ತು ರಕ್ತದೊತ್ತಡ ನೋಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯದಿಂದ ಹಠಾತ್ತಾಗಿ ತೀರಿಕೊಂಡವರಿದ್ದರೆ ಮೊದಲೇ ಹೇಳಿ. ಮಗು ಮಂಕಾಗಿ, ಗೊಂಬೆಯಂತೆ ಕೂತರೆ ಪ್ರಮಾಣ ಹೆಚ್ಚಾಗಿದೆ ಎಂದು ಅರ್ಥ, ಅದನ್ನು ಒಳ್ಳೆಯ ಗುಣ ಎಂದು ತಿಳಿಯಬೇಡಿ. ಈ ಔಷಧಿ ನಮ್ಮ ಕಾನೂನಿನಲ್ಲಿ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಎಲ್ಲ ಮೆಡಿಕಲ್ ಸ್ಟೋರಿನಲ್ಲಿ ಇಡುವುದಿಲ್ಲ, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಸಕಲೇಶಪುರದಲ್ಲಿ ಸಿಗದೆ ಹಾಸನಕ್ಕೇ ಹೋಗಬೇಕಾಗಬಹುದು, ಅದಕ್ಕೆ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೊರಡಿ. ಇದು ಒಗ್ಗದಿದ್ದರೆ ಅಟೊಮಾಕ್ಸಿಟಿನ್ ಎಂಬ ಇನ್ನೊಂದಿದೆ. ಅದರ ಪೂರ್ತಿ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹದಿನೈದು ದಿನಕ್ಕೆ ಏನೂ ಆಗಲಿಲ್ಲ ಎಂದು ಬಿಡಬೇಡಿ. ಮಾತ್ರೆ ಗಮನ ಕೊಡುತ್ತದೆ, ಕಳೆಯುವ ಲೆಕ್ಕ ಕಲಿಸುವುದಿಲ್ಲ. ಕಾರ್ಡೂ ಚೌಕದ ಪುಸ್ತಕವೂ ಮಾತ್ರೆಯ ಜೊತೆಗೇ ನಡೆಯಬೇಕು.

ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇಪ್ಪತ್ತು ಮಕ್ಕಳ ನಡುವೆ ಸಂಜೆ ಎರಡು ಗಂಟೆ ಮತ್ತೆ ಕೂರಿಸುವ ಟ್ಯೂಷನ್ ಬೇಡ. ಶಾಲೆಯಲ್ಲಿ ಸೋತು ಬಂದ ಮಗುವಿಗೆ ಇನ್ನೊಂದು ಸೋಲನ್ನು ದುಡ್ಡು ಕೊಟ್ಟು ತಂದ ಹಾಗೆ. ಪಕ್ಕದ ಮನೆಯ ಪಿಯುಸಿ ಹುಡುಗಿ ಅವನೊಬ್ಬನನ್ನೇ ಅರ್ಧ ಗಂಟೆ ಕೂರಿಸಿಕೊಂಡರೆ ಅದು ಬೇರೆ ಮಾತು. ಹಾಸ್ಟೆಲ್ ಈಗ ಖಂಡಿತ ಬೇಡ. ಐದನೇ ತರಗತಿಗೆ ಬಂದ ಕೂಡಲೇ ನವೋದಯ, ಮೊರಾರ್ಜಿ ಪರೀಕ್ಷೆಯ ಕೋಚಿಂಗ್ ಎಂದು ಊರವರೆಲ್ಲ ಹೇಳತೊಡಗುತ್ತಾರೆ. ಅವು ಒಳ್ಳೆಯ ಶಾಲೆಗಳೇ. ಆದರೆ ಸೋಪು, ಬಟ್ಟೆ, ಪುಸ್ತಕ, ಹೊತ್ತು ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವ ಶಕ್ತಿ ಅವನಲ್ಲಿ ತಡವಾಗಿ ಬರುತ್ತದೆ, ಅದೇ ಅವನ ತೊಂದರೆ.

ಶಾಲೆ ಏನೂ ಮಾಡದಿದ್ದರೆ? ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಆದರೆ ಕಾನೂನು ಹಿಡಿದು ಹೋಗುವ ಮೊದಲು ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಶಾಲೆಗೆ ಕಳಿಸಲು ಕೇಳಿ. ಕಾರ್ಡ್ ಹೇಗೆ ತುಂಬಬೇಕೆಂದು ಅವರೇ ಮೇಷ್ಟ್ರಿಗೆ ತೋರಿಸಿಕೊಟ್ಟರೆ ನಿಮ್ಮ ಮಾತಿಗಿಂತ ತೂಕ ಜಾಸ್ತಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 21 ನ್ಯೂನತೆಗಳಲ್ಲಿ ಎಡಿಎಚ್‌ಡಿ ಒಂದೇ ಇದ್ದರೆ ಅದು ಬರುವುದಿಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆ ಬರುತ್ತದೆ. ಅದಕ್ಕೂ ಓದಿನ ಪರೀಕ್ಷೆ ಮುಖ್ಯ. ಅದು ಜೊತೆಗಿದೆ ಎಂದಾದರೆ ಪ್ರಮಾಣಪತ್ರದ ಮೇಲೆ ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬರುತ್ತದೆ, ಅದರ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ. ಬಂದ ದಿನ ಮಗನ ಹೆಸರು ಬರೆಸಿ. ಪ್ರತಿ ಸಲ ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ ನಲವತ್ತು ಕಿಲೋಮೀಟರ್ ಹೋಗುವುದು ಕಷ್ಟವಾದರೆ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಕೇಳಿ. ನಡುವೆ ಏನಾದರೂ ಗೊಂದಲವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸರಿಹೋಗ್ತಾನಾ ಎಂದು ಕೇಳಿದ್ದೀರಿ. ಓಡಾಟ, ಚಡಪಡಿಕೆ ಹದಿಹರೆಯಕ್ಕೆ ಬರುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ. ಮರೆವು, ಕೆಲಸ ಶುರು ಮಾಡಲಾಗದಿರುವುದು ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ, ಆದರೆ ಚೀಟಿ, ಗಡಿಯಾರ, ಪಟ್ಟಿ ಹಿಡಿದು ಅದನ್ನು ನಡೆಸಿಕೊಂಡು ಹೋಗುವುದನ್ನು ಕಲಿಯುತ್ತಾರೆ. ಆಸರೆಯನ್ನು ಒಂದೇ ಸಲ ಕಿತ್ತರೆ ಬೀಳುತ್ತಾನೆ, ನಾಲ್ಕನೇ ತರಗತಿಯಲ್ಲಿ ಆಗಿದ್ದು ಅದೇ. ಹಾಗಾಗಿ ಒಂದೊಂದಾಗಿ ಅವನ ಕೈಗೆ ಕೊಡಿ. ಐದನೇ ತರಗತಿಯ ದಸರಾ ರಜೆ ಮುಗಿದ ಮೇಲೆ ಬ್ಯಾಗಿನ ಚೀಟಿಯನ್ನು ಅವನೇ ಬರೆಯಲಿ, ನೀವು ನೋಡಿದರೆ ಸಾಕು. ಆರನೇ ತರಗತಿಯಲ್ಲಿ ಕಾರ್ಡಿಗೆ ಅವನೇ ಟಿಕ್ ಹಾಕಿಕೊಳ್ಳಲಿ, ಮೇಷ್ಟ್ರು ತಮ್ಮ ಎಣಿಕೆಯ ಜೊತೆ ಹೋಲಿಸಿ ನೋಡಲಿ, ಎರಡೂ ಹೊಂದಿದ ದಿನ ಒಂದು ಟಿಕ್ ಹೆಚ್ಚಿಗೆ. ಏಳನೆಯದರಲ್ಲಿ ಕಾರ್ಡಿನ ಬದಲು ಜೇಬಿನಲ್ಲಿ ಹಿಡಿಯುವ ಚಿಕ್ಕ ಡೈರಿ ಕೊಡಿ. ಈ ಸೋಮವಾರ ಮಾತ್ರ ಮೇಷ್ಟ್ರ ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಟ್ಟು, ಐದು ದಿನ ಎಣಿಸಿ ಕೊಡಿ ಎಂದು ಕೇಳಿಕೊಳ್ಳಿ.